ಸೀರೆಯ ಮಡಿಕೆಯೊಳಗಿನ ಕಾದಂಬರಿ

ಓದಲು ಯಾವುದಾದರೂ ಒಳ್ಳೆಯ ಪುಸ್ತಕ ಹೇಳಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿ ನಿಲ್ಲುವುದಿಲ್ಲ. ಕೇಳದಿದ್ದರೂ ನಿಲ್ಲುವುದಿಲ್ಲ, ಅದು ಬೇರೆ ಮಾತು. ಮದುವೆ ಮನೆಯಲ್ಲಿ ಪಕ್ಕಕ್ಕೆ ಊಟಕ್ಕೆ ಕುಳಿತವರಿಗೆ, ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರಿಗೆ, ಒಮ್ಮೆ ಹಲ್ಲು ಕೀಳುತ್ತಿದ್ದ ಡಾಕ್ಟರಿಗೂ ಹೇಳಿದ್ದೇನೆ. ಅದೂ ಎಂಥ ಪುಸ್ತಕಗಳು? ಮಾಂತ್ರಿಕರು, ಮಾತಾಡುವ ಗಿಡಗಳು, ಯಾವ ನಕಾಶೆಯಲ್ಲೂ ಇಲ್ಲದ ರಾಜ್ಯಗಳು ಇರುವಂಥವು. ಅತ್ತೆ ಸೊಸೆಯರ ಕಷ್ಟಸುಖದ ಕಾದಂಬರಿ ನನಗೆ ಸೇರುವುದಿಲ್ಲ. ಅದನ್ನು ಓದಲು ಪುಸ್ತಕ ಯಾಕೆ ಬೇಕು, ಓಣಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕಲ್ಲ.

ಈ ಚಟ ಹತ್ತಿದ್ದು ಬೆಟಗೇರಿಯಲ್ಲಿ, ನಾನು ಹದಿನೈದು ವರ್ಷದವಳಿದ್ದಾಗ. ಹತ್ತಿಸಿದವಳು ಎದುರು ಮನೆಯ ಗೆಳತಿ. ನಮ್ಮದು ನೇಕಾರರ ಓಣಿ. ಶಾಲೆ ಬಿಟ್ಟ ಮೇಲೆ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕುಳಿತು ಅಪ್ಪನ ಮಗ್ಗಕ್ಕೆ ನೂಲು ಸುತ್ತುತ್ತಿದ್ದೆವು. ಒಂದು ದಿನ ಆಕೆ ವಾಚನಾಲಯದಿಂದ ರಟ್ಟು ಹರಿದ ಪುಸ್ತಕವೊಂದನ್ನು ತಂದು ನನ್ನ ರಾಟಿಯ ಮುಂದೆ ಇಟ್ಟಳು.

“ಲೇ, ಇದನ್ನ ಓದು. ಓದಿದ್ರ ನಿನಗ ಊಟ ಸೇರಂಗಿಲ್ಲ ನೋಡು.”

“ಯಾರು ಬರದಾರ?”

“ಯಾರರ ಬರೀಲಿ. ರಟ್ಟ ಇಲ್ಲ. ನೀ ಓದು.”

ಹೆಸರೂ ಇಲ್ಲದ, ಬರೆದವರೂ ಗೊತ್ತಿಲ್ಲದ ಆ ಪುಸ್ತಕ ಐದು ಭಾಗದ ಕಾದಂಬರಿಯ ಮೊದಲ ಭಾಗ. ಕಥೆ ಇಷ್ಟು: ಒಂದು ಹೊಳೆ, ಹೊಳೆಯ ದಂಡೆಗೆ ಅಂಬಿಗರ ಹುಡುಗಿ. ಸಾಯುತ್ತಿದ್ದ ತಮ್ಮನನ್ನು ಉಳಿಸಲು ಆಕೆ ಒಬ್ಬ ಮಾಂತ್ರಿಕನಿಗೆ ತನ್ನ ನೆರಳನ್ನು ಕೊಟ್ಟುಬಿಡುತ್ತಾಳೆ. ತಮ್ಮ ಉಳಿಯುತ್ತಾನೆ. ಆದರೆ ನೆರಳಿಲ್ಲದವಳನ್ನು ಊರವರು ಸೇರಿಸಿಕೊಳ್ಳುವುದಿಲ್ಲ. ಆಕೆ ನೆರಳು ಹುಡುಕಿಕೊಂಡು ಏಳು ರಾಜ್ಯ ದಾಟಿ ಹೋಗಬೇಕು. ಆ ಮಾಂತ್ರಿಕ ಜನರ ನೆರಳುಗಳನ್ನು ಸೀರೆಯ ಹಾಗೆ ಸುತ್ತಿ, ಉಗ್ರಾಣದಲ್ಲಿ ಸಾಲಾಗಿ ಜೋಡಿಸಿಡುತ್ತಾನೆ. ಅದರಲ್ಲಿ ತನ್ನದು ಯಾವುದೆಂದು ಗುರುತಿಸಬೇಕು. ಬೇರೆಯವರ ನೆರಳು ಬಿಚ್ಚಿದರೆ ಆ ಬೇರೆಯವರೇ ಆಗಿಬಿಡುತ್ತಾಳೆ.

ನಾವು ಓದುವುದು ಅಪ್ಪನ ಕಿವಿಗೂ ಬೀಳುತ್ತಿತ್ತು. “ನೆರಳನ್ನ ಹಂಗ ಸುತ್ತಿಟ್ರ ಮಡಿಕಿ ಬೀಳತಾವ. ಆ ಮಾಂತ್ರಿಕಗ ಕಸಬು ಬರೂದಿಲ್ಲ,” ಎಂದು ಅಪ್ಪ, ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯೊಳಗಿಂದಲೇ ಹೇಳಿದ. ಹಾಗೆ ಹೇಳಿದವನು ಮರುದಿನ ನಾವು ಕೂಡುವುದನ್ನೇ ಕಾಯುತ್ತಿದ್ದ.

ಆಗ ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಕನ್ನಡದ ಊರುಗಳೆಲ್ಲ ಒಂದಾಗಬೇಕೆಂದು ಗದಗಿನಲ್ಲಿ ಸಭೆಗಳಾಗುತ್ತಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಮೊನ್ನೆ ಮೊನ್ನೆಯವರೆಗೂ ಬೇರೆ ಬೇರೆ ರಾಜರ ಊರುಗಳು ಎಂದು ಮೇಷ್ಟ್ರು ಹೇಳಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನಮ್ಮ ಕಾದಂಬರಿಯಲ್ಲಿ ರಾಜ್ಯ ದಾಟಿದೊಡನೆ ಮಣ್ಣಿನ ಬಣ್ಣ ಬದಲಾಗುತ್ತಿತ್ತು, ಹಕ್ಕಿಗಳ ಕೂಗು ಬದಲಾಗುತ್ತಿತ್ತು. ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆಯ ಮನೆ ಇತ್ತು. ಮುಂದಿನ ಸಲ ಹೋಗುವಾಗ ಮೋಟಾರಿನ ಕಿಟಕಿಗೆ ಮೂಗು ಹಚ್ಚಿ ಕುಳಿತೆ. ಗಡಿ ಎಲ್ಲಿತ್ತು? ಹೇಗೆ ಕಾಣುತ್ತಿತ್ತು? ಆಚೆ ಈಚೆ ಒಂದೇ ಎರೆ ಹೊಲ, ಅದೇ ಜೋಳ, ಅದೇ ಕಾಗೆ. ಬಂದು ಗೆಳತಿಗೆ ಹೇಳಿದೆ. ಆಕೆ ನಂಬಲಿಲ್ಲ. “ನೀ ನಿದ್ದಿ ಮಾಡಿರಬೇಕು,” ಎಂದಳು.

ಇಬ್ಬರಲ್ಲಿ ಒಂದು ಕರಾರಿತ್ತು. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಮುಂದಿನ ಪುಟ ತಿರುವಬಾರದು. ಎಲ್ಲಿಗೆ ನಿಲ್ಲಿಸಿದೆವೋ ಅಲ್ಲಿ ಮಗ್ಗದ ಕೆಂಪು ದಾರದ ತುಂಡು ಇಡುತ್ತಿದ್ದೆವು. ನಾಲ್ಕು ಭಾಗ ಹಾಗೆಯೇ ಓದಿದೆವು. ಹುಡುಗಿ ಉಗ್ರಾಣದ ಬಾಗಿಲಿಗೆ ಕೈ ಹಚ್ಚಿದಳು ಎಂಬಲ್ಲಿಗೆ ನಾಲ್ಕನೆಯ ಭಾಗ ಮುಗಿಯಿತು. ಐದನೆಯದು ವಾಚನಾಲಯಕ್ಕೆ ಬರಲೇ ಇಲ್ಲ. ವಾರಕ್ಕೆರಡು ಸಲ ಹೋಗಿ ಕೇಳಿ ಕೇಳಿ ಅಲ್ಲಿ ಪುಸ್ತಕ ಕೊಡುವ ಮುದುಕರು ನಮ್ಮನ್ನು ಕಂಡರೆ ಎದ್ದು ಒಳಗೆ ಹೋಗುವಂತಾಯಿತು.

ಅಷ್ಟರಲ್ಲಿ ಆಕೆಯ ಮದುವೆ ಗೊತ್ತಾಯಿತು. ಗಂಡಿನವರು ಮುಂಡರಗಿಯವರು, ಅರಿವೆ ಅಂಗಡಿಯವರು. ಆ ಅಂಗಡಿಗೆ ಸೀರೆ ಕಳಿಸುತ್ತಿದ್ದವನು ನನ್ನ ಅಪ್ಪ. ಸಂಬಂಧ ಹೇಳಿದವನೂ ಅಪ್ಪನೇ. ಅದಕ್ಕಾಗಿ ನಾನು ಅಪ್ಪನ ಜೊತೆ ಎಂಟು ದಿನ ಮಾತು ಬಿಟ್ಟೆ. ಗಂಡನ ಮನೆಗೆ ಕಳಿಸುವ ದಿನ ಆಕೆ ತನ್ನ ತಾಯಿಗಿಂತ ಹೆಚ್ಚು ನನ್ನನ್ನೇ ಹಿಡಿದುಕೊಂಡು ಅತ್ತಳು. ಅಳುತ್ತಲೇ ಕಿವಿಯಲ್ಲಿ ಹೇಳಿದಳು: “ಐದನೇದು ಬಂದ್ರ ನೀ ಒಬ್ಬಾಕಿನ ಓದಬ್ಯಾಡ. ಪಂಚಮಿಗೆ ಬರತೇನಿ. ಕೂಡಿ ಓದೂಣು.”

ಪಂಚಮಿಗೆ ಮೊದಲೇ ಅಣ್ಣ ಹುಬ್ಬಳ್ಳಿಯಿಂದ ಐದನೆಯ ಭಾಗ ಹುಡುಕಿ ತಂದುಕೊಟ್ಟ. ಅದನ್ನು ನಾನು ನನ್ನ ಬಟ್ಟೆಯ ಗಂಟಿನಲ್ಲಿ ಇಟ್ಟು ದಿನ ಎಣಿಸಿದೆ. ಪಂಚಮಿ ಬಂತು, ಜೋಕಾಲಿ ಕಟ್ಟಿದೆವು, ಉಂಡಿ ಕಟ್ಟಿದೆವು, ಆಕೆ ಬರಲಿಲ್ಲ. ಅತ್ತೆ ಹಿತ್ತಲಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಾಳಂತೆ, ಮನೆಗೆಲಸಕ್ಕೆ ಸೊಸೆ ಬೇಕಂತೆ. ಮೊದಲ ಪಂಚಮಿಗೆ ಹೆಣ್ಣುಮಗಳನ್ನು ತವರಿಗೆ ಕಳಿಸದವರನ್ನು ನಾನು ಅದೇ ಮೊದಲು ಕೇಳಿದ್ದು. ಮದುವೆಯಲ್ಲಿ ದೂರದಿಂದ ಮಾತ್ರ ಕಂಡ ಆ ಅತ್ತೆಯನ್ನು ನಾನು ಬೈದ ಬೈಗುಳಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ. ಕಾದಂಬರಿ ಓದಿದರೆ ಸೊಸೆಯಂದಿರು ಕೆಡುತ್ತಾರೆಂಬ ಮಾತು ಆ ಮನೆಯಲ್ಲಿದೆ ಎಂದೂ ಗೊತ್ತಾಯಿತು. ನನಗೆ ತಲೆ ಕೆಟ್ಟಿತು.

ನಮ್ಮಲ್ಲಿ ಸೀರೆ ಮಡಚುವಾಗ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಬಾರದೆಂದು ಒಳ ಮಡಿಕೆಯಲ್ಲಿ ರದ್ದಿ ಕಾಗದ ಇಡುತ್ತಿದ್ದೆವು. ಮುಂಡರಗಿಗೆ ಹದಿನೈದು ದಿನಕ್ಕೊಮ್ಮೆ ಸೀರೆಯ ಗಂಟು ಹೋಗುತ್ತಿತ್ತು. ಅಲ್ಲಿ ಸೀರೆಗಳನ್ನು ಬಿಚ್ಚಿ, ನೇಯ್ಗೆಯ ದೋಷ ನೋಡಿ, ತಿರುಗಿ ಮಡಚುವ ಕೆಲಸ ಹೊಸ ಸೊಸೆಯದು ಎಂದು ಅಪ್ಪನೇ ಹೇಳಿದ್ದ. ಇನ್ನೇನು ಬೇಕು? ನಾನು ಕತ್ತರಿಯಿಂದ ಐದನೆಯ ಭಾಗದ ಹೊಲಿಗೆ ಕತ್ತರಿಸಿ ಆರು ಕಂತು ಮಾಡಿದೆ. ಮೊದಲ ಕಂತನ್ನು ಓದಿ, ಹೌದು, ಕರಾರು ಮುರಿದು ಓದಿ, ಒಂದು ಸೀರೆಯ ಮಡಿಕೆಯಲ್ಲಿ ಇಟ್ಟು, ಆ ಸೀರೆಯ ಸೆರಗಿನ ತುದಿಗೆ ನಮ್ಮ ಕೆಂಪು ದಾರ ಕಟ್ಟಿದೆ. ಆಕೆಗೆ ತಿಳಿಯದೆ ಇರುತ್ತದೆಯೇ?

ತಿಳಿಯಿತು. ಗಂಟು ಕಟ್ಟಿ ಕಳಿಸಿದ ಬಟ್ಟೆ ಮುಂಡರಗಿಯಿಂದ ಖಾಲಿಯಾಗಿ ವಾಪಸ್ಸು ಬಂದಾಗ ಅದರ ತುದಿಗೆ ಅದೇ ಕೆಂಪು ದಾರ ಕಟ್ಟಿತ್ತು. ನಾನು ಆ ದಿನ ಮನೆಯವರಿಗೆಲ್ಲ ಚಹಾ ಮಾಡಿಕೊಟ್ಟೆ. ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಹೀಗೆ ನಾಲ್ಕು ಕಂತು ಹೋದವು. ಐದನೆಯದನ್ನು ಕಳಿಸುವಾಗ ನನಗೊಂದು ದುರ್ಬುದ್ಧಿ ಬಂತು. ಅದರ ಕೊನೆಯ ಪುಟದಲ್ಲಿ ಹುಡುಗಿ ಒಂದು ಸುರುಳಿಯ ಮೇಲೆ ಕೈ ಇಡುತ್ತಾಳೆ. ಅದು ಆಕೆಯದೋ ಅಲ್ಲವೋ ಎಂಬುದು ಆರನೆಯದರಲ್ಲಿ. ಆ ಆರನೆಯದನ್ನು ನಾನು ಓದಲಿಲ್ಲ. ನಂಬಿದರೆ ನಂಬಿ, ಓದಲೇ ಇಲ್ಲ. ಐದನೆಯದರ ಅಂಚಿಗೆ ಮಸಿಯಲ್ಲಿ ಬರೆದೆ: ‘ಆರನೆಯದು ನನ್ನ ಹತ್ತಿರ ಐತಿ. ಬೇಕಾದರೆ ದೀಪಾವಳಿಗೆ ಬಾ.’ ಗಾಳಕ್ಕೆ ಹುಳ ಸಿಕ್ಕಿಸಿದ ಹಾಗೆ. ಅತ್ತೆ ಕಳಿಸದಿದ್ದರೂ ಈಕೆ ಜಗಳಾಡಿ ಬರಲಿ ಎಂಬುದು ನನ್ನ ಲೆಕ್ಕ.

ಆ ಸಲ ಗಂಟಿನ ಬಟ್ಟೆ ದಾರವಿಲ್ಲದೆ ಬಂತು. ಮರುಸಲವೂ ಇಲ್ಲ. ಸಿಕ್ಕಿಬಿದ್ದಳೆಂದುಕೊಂಡೆ. ನನ್ನ ಹುಚ್ಚಿಗೆ ಆಕೆಯ ಸಂಸಾರ ಹಾಳಾಯಿತೋ ಏನೋ ಎಂದು ನಿಜಕ್ಕೂ ಹೆದರಿದೆ. ಅಪ್ಪನನ್ನು ಕೇಳುವ ಧೈರ್ಯ ಆಗಲಿಲ್ಲ.

ನಡೆದದ್ದನ್ನು ಆಮೇಲೆ ಆಕೆಯೇ ಹೇಳಿದಳು. ಆ ಗಂಟು ಬಂದ ದಿನ ಅಂಗಡಿಯಲ್ಲಿ ಶಿರಹಟ್ಟಿ ಕಡೆಯ ಒಬ್ಬ ಹೆಣ್ಣುಮಗಳು ಮಗಳ ಮದುವೆಯ ಸೀರೆಗೆ ಕುಳಿತಿದ್ದಳು. ಗಂಟು ಅಲ್ಲೇ ಬಿಚ್ಚಿದರು. ಸೆರಗಿಗೆ ಕೆಂಪು ದಾರ ಕಟ್ಟಿದ್ದ ಸೀರೆ ಕಂಡು, ಯಾವುದೋ ಮಠದಲ್ಲಿ ಪೂಜೆ ಮಾಡಿಸಿ ತಂದದ್ದು ಇದು, ಇದೇ ಬೇಕು ಎಂದು ಹಿಡಿದಳು. ಕೊಂಡು ಹೋದಳು. ಗೆಳತಿ ಒಳಬಾಗಿಲ ಹಿಂದೆ ನಿಂತು ತನ್ನ ಕಂತು ಶಿರಹಟ್ಟಿಗೆ ಹೋಗುವುದನ್ನು ನೋಡಿದಳು. ಏನು ಮಾಡಿಯಾಳು?

ಎಂಟು ದಿನಕ್ಕೆ ಆ ಹೆಣ್ಣುಮಗಳು ತಿರುಗಿ ಬಂದಳು, ಸೀರೆ ಸಮೇತ. ಮನೆಯಲ್ಲಿ ಯಾರಿಂದಲೋ ಆ ಕಾಗದ ಓದಿಸಿದ್ದಾಳೆ. ಮನುಷ್ಯರ ನೆರಳು ಸುತ್ತಿಡುವ ಮಾತು, ಮಂತ್ರದ ಮಾತು, ಮೇಲೆ ಸೆರಗಿಗೆ ಕೆಂಪು ದಾರ.

“ನಿಮ್ಮ ಅಂಗಡ್ಯಾಗ ಮಾಟದ ಸೀರಿ ಮಾರತೀರೇನ್ರಿ?” ಎಂದು ಗಿರಾಕಿಗಳೆದುರಿಗೇ ಕೇಳಿದಳು. “ಇದನ್ನ ಉಡಿಸಿ ನನ್ನ ಮಗಳನ್ನ ಮದವ್ಯಾಗ ಅಕ್ಕಿಕಾಳಿಗೆ ನಿಲ್ಲಸಲೇನು?”

ಅಂಗಡಿಯ ಹೆಸರಿಗೆ ಇದಕ್ಕಿಂತ ದೊಡ್ಡ ಕಲೆ ಬೇರೆ ಇಲ್ಲ. ಕಟ್ಟು ಹಾಕಿದ ಕೈಯಲ್ಲೇ ಅತ್ತೆ ಹೊರಗೆ ಬಂದರು. “ಏನ್ ಬರದೈತಿ, ಎಲ್ಲಾರ ಮುಂದ ಓದು,” ಎಂದು ಗುಮಾಸ್ತನಿಗೆ ಕೊಟ್ಟರು. ಗುಮಾಸ್ತ ನಿಂತು, ಸರಕಾರಿ ಹುಕುಂ ಓದುವ ಧ್ವನಿಯಲ್ಲಿ ಓದಿದ. ಉಗ್ರಾಣದ ಸಾಲುಗಳು, ಸುರುಳಿಗಳು, ಒಳಗಿಂದ ಬರುವ ಪಿಸುಮಾತು, ಹುಡುಗಿಯ ಕೈ. ಕೊನೆಗೆ ನಾನು ಅಂಚಿಗೆ ಬರೆದದ್ದನ್ನೂ ಬಿಡದೆ ಓದಿದ: ‘ಆರನೆಯದು ನನ್ನ ಹತ್ತಿರ ಐತಿ. ಬೇಕಾದರೆ ದೀಪಾವಳಿಗೆ ಬಾ.’ ಶಿರಹಟ್ಟಿಯ ಹೆಣ್ಣುಮಗಳು ಎದೆ ಹಿಡಿದುಕೊಂಡು ಕೆಳಗೆ ಕುಳಿತಳು.

ಮದುವೆಯಾದ ಆರು ತಿಂಗಳಲ್ಲಿ ಗೆಳತಿ ಅಂಗಡಿಯ ಭಾಗಕ್ಕೆ ಕಾಲಿಟ್ಟಿರಲಿಲ್ಲ. ಆವತ್ತು ಹೊಸ್ತಿಲು ದಾಟಿದಳು. “ಅತ್ತಿಯವರ, ಅದು ಮಾಟ ಅಲ್ರಿ. ಕಾದಂಬರಿ ಐತ್ರಿ. ನನ್ನ ಗೆಳತಿ ನನಗ ಕಳಿಸಿದ್ದು.”

ಅತ್ತೆ ಸೊಸೆಯನ್ನು ನೋಡಿದರು, ಕಾಗದ ನೋಡಿದರು, ಗುಮಾಸ್ತನನ್ನು ನೋಡಿದರು.

“ಕಾದಂಬರಿ ಆದ್ರ ಇದಕ್ಕ ಸುರು ಎಲ್ಲಿ ಐತಿ?” ಎಂದರು. “ಇಂವ ನಡುವಿಂದ ಯಾಕ ಓದಿದಾ? ಆ ಹುಡುಗಿ ನೆರಳು ಯಾಕ ಕೊಟ್ಲು?”

“ತಮ್ಮ ಸಾಯಾಕತ್ತಿದ್ದರಿ.”

“ಯಾರ ತಮ್ಮ? ಕುಂಡ್ರು. ಸುರುದಿಂದ ಹೇಳು.”

ಗೆಳತಿ ಅಂಗಡಿಯ ಗಾದಿಯ ಅಂಚಿಗೆ ಕುಳಿತು ನಾಲ್ಕು ಭಾಗವನ್ನೂ, ನಾಲ್ಕು ಕಂತನ್ನೂ ಬಾಯಿಂದ ಹೇಳಿದಳು. ಶಿರಹಟ್ಟಿಯ ಹೆಣ್ಣುಮಗಳಿಗೆ ಮಧ್ಯಾಹ್ನದ ಮೋಟಾರು ತಪ್ಪಿತು. ಗಿರಾಕಿಗಳು ಬಂದವರು ಅರಿವೆ ಕೇಳದೆ ಕಥೆ ಕೇಳಿದರು. ಎಲ್ಲ ಮುಗಿದ ಮೇಲೆ ಶಿರಹಟ್ಟಿಯವಳು ಸೀರೆಯನ್ನು ಅಲ್ಲೇ ಇಟ್ಟು ಎದ್ದಳು. “ಮಾಟ ಅಲ್ಲ ಅನ್ನೂದು ತಿಳೀತು. ಆದ್ರ ಆ ಹುಡುಗಿಗೆ ಆಕಿ ನೆರಳು ಹೊಳ್ಳಿ ಸಿಗೂತನಕ ನಾ ಈ ಸೀರಿ ಒಯ್ಯಂಗಿಲ್ಲ. ಮದವಿ ಸೀರಿ ಐತ್ರಿ. ಅರ್ಧಾ ಕಥಿ ಇದ್ದ ಸೀರಿ ಹೆಂಗ ಉಡಸೂದು?”

ಅದು ಸರಿಯಾದ ಮಾತೆಂದು ಅತ್ತೆಗೂ ಅನ್ನಿಸಿತು. ದೀಪಾವಳಿಗೆ ಸೊಸೆಯನ್ನು ಮೋಟಾರು ಹತ್ತಿಸಿದವರು ಅವರೇ.

ಇದೆಲ್ಲ ನನಗೆ ಗೊತ್ತಿರಲಿಲ್ಲವಲ್ಲ. ಗೆಳತಿ ಬಾಗಿಲಲ್ಲಿ ನಿಂತದ್ದನ್ನು ಕಂಡಾಗ ನನ್ನ ಗಾಳ ಗೆದ್ದಿತೆಂದು ಹಿಗ್ಗಿದೆ. ತುಳಸಿ ಲಗ್ನದವರೆಗೆ ಇರುತ್ತಾಳೆಂದು ಮನಸ್ಸಿನಲ್ಲೇ ಹನ್ನೆರಡು ದಿನದ ಯೋಜನೆ ಹಾಕಿದೆ. ಹಬ್ಬದ ಗದ್ದಲ ಮುಗಿದ ಮೂರನೆಯ ದಿನ ಇಬ್ಬರೂ ನಮ್ಮ ಮಾಳಿಗೆ ಹತ್ತಿ, ಬಿಸಿಲಿಗೆ ಬೆನ್ನು ಕೊಟ್ಟು, ಆರನೆಯ ಕಂತನ್ನು ತೊಡೆಯ ಮೇಲೆ ಹರಡಿಕೊಂಡು ಓದಿದೆವು. ಹುಡುಗಿ ಕೈ ಇಟ್ಟ ಸುರುಳಿಯನ್ನು ಬಿಚ್ಚುವುದಿಲ್ಲ. ಎಲ್ಲ ಸುರುಳಿಗಳನ್ನೂ ಹೊತ್ತು ಹೊರಗೆ ತಂದು ಬಿಸಿಲಿಗೆ ಇಡುತ್ತಾಳೆ. ಬಿಸಿಲು ತಾಗಿದೊಡನೆ ಅವು ತಾವೇ ಬಿಚ್ಚಿಕೊಂಡು, ಅವರವರ ಕಾಲಿಗೆ ಹೋಗಿ ಸೇರುತ್ತವೆ. ಆಕೆಯದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

“ಇಷ್ಟ?” ಎಂದೆ. “ಇಷ್ಟಕ್ಕ ಐದು ಭಾಗ ಬೇಕಿತ್ತೇನು? ಮೊದಲ ಭಾಗದಾಗ ಬಿಸಲಿಗೆ ತಂದಿದ್ರ ಮುಗೀತಿತ್ತು.”

“ನಿನಗ ತಿಳಿಯೂದಿಲ್ಲ,” ಎಂದಳು ಆಕೆ. ಕಣ್ಣು ಒದ್ದೆಯಾಗಿದ್ದವು. “ಅತ್ತಿಯವರು ಇದನ್ನ ಕೇಳಿದ್ರ ಕೈ ನೋವು ಮರೀತಾರ.”

ಆಗಲೇ ಆಕೆ ನಡೆದದ್ದನ್ನೆಲ್ಲ ಹೇಳಿದ್ದು. ನಕ್ಕೆವು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಆಕೆ ಹೊರಡುವ ಮಾತು ತೆಗೆದಳು. ನಾಳೆ ಮುಂಜಾನೆಯ ಮೋಟಾರಿಗೆ ಹೋಗುತ್ತೇನೆ, ಶಿರಹಟ್ಟಿಯವಳ ಮಗಳ ಮದುವೆ ತುಳಸಿ ಲಗ್ನದ ಮರುದಿನವೇ ಇದೆ, ಅತ್ತೆ ಕಾಯುತ್ತಿದ್ದಾರೆ ಎಂದಳು. ಬಂದು ಮೂರು ದಿನವಾಗಿತ್ತು, ಅಷ್ಟೇ.

“ಆ ಕಂತು ಕೊಡ, ಒಯ್ಯತೇನಿ.”

“ಕೊಡಂಗಿಲ್ಲ,” ಎಂದೆ. “ನಿನಗ ಬಾಯಿ ಐತೆಲ್ಲ, ಹೇಳು ಹೋಗು.”

ಆಕೆ ಜಗಳಾಡಲಿಲ್ಲ. ಸಂಜೆಯವರೆಗೂ ಮಾಳಿಗೆಯ ಮೇಲೆಯೇ ಕುಳಿತು, ತುಟಿ ಅಲ್ಲಾಡಿಸುತ್ತ, ಆ ಪುಟಗಳನ್ನು ಮತ್ತೆ ಮತ್ತೆ ಓದಿದಳು. ನಾನು ಕೆಳಗೆ ನೂಲು ಸುತ್ತುತ್ತ ಕುಳಿತೆ. ನೂಲು ಎರಡು ಸಲ ಹರಿಯಿತು. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಗೊತ್ತಾದದ್ದು ಆವತ್ತು. ಅದೂ ಯಾರ ಮೇಲೆ? ಕೈ ಮುರಿದುಕೊಂಡ, ನಾನು ಒಮ್ಮೆಯೂ ಮಾತಾಡಿಸದ ಒಬ್ಬ ಮುದುಕಿಯ ಮೇಲೆ.

ಮುಂಜಾನೆ ಮೋಟಾರು ಸ್ಟ್ಯಾಂಡಿಗೆ ಕಳಿಸಲು ಹೋದೆ. ಮದುವೆಯ ದಿನದ ಹಾಗೆ ಹಿಡಿದುಕೊಂಡು ಅಳುತ್ತಾಳೆಂದು ಸಿದ್ಧವಾಗಿದ್ದೆ. ಆಕೆ ಅಳಲಿಲ್ಲ, ಜಲ್ದಿ ಜಲ್ದಿ ಹತ್ತಿ ಕಿಟಕಿಯ ಹತ್ತಿರ ಕುಳಿತಳು. ಮೋಟಾರು ಗುರುಗುಟ್ಟತೊಡಗಿತು. ನನಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಆರನೆಯ ಕಂತನ್ನು ಕಿಟಕಿಯೊಳಗೆ ಕೊಟ್ಟೆ, ಕೆಂಪು ದಾರ ಕಟ್ಟಿಯೇ ಕೊಟ್ಟೆ.

ಆಕೆ ಎರಡೂ ಕೈಯಿಂದ ಇಸಿದುಕೊಂಡಳು. ದಾರ ಬಿಚ್ಚಿ ಬೆರಳಿಗೆ ಸುತ್ತಿಕೊಂಡಳು. ಮೋಟಾರು ಹೊರಟಿತು. ನಾನು ಕೈ ಬೀಸಿದೆ. ಆಕೆ ಪುಟ ತಿರುವುತ್ತಿದ್ದಳು.