ನವಾರು ಪಟ್ಟಿಯ ಕೈ

ನನ್ನ ಬಲಗೈ ಹೋದದ್ದು ರಿಪ್ಪನ್‌ಪೇಟೆ ಹತ್ತಿರದ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ತಪ್ಪು ನನ್ನದೇ. ಗರಗಸ ನಿಲ್ಲುವ ಮೊದಲೇ ಹೊಟ್ಟು ಗುಡಿಸಲು ಕೈ ಹಾಕಿದೆ. ಆಮೇಲೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುತ್ತಿದ್ದದ್ದು ಊಟದ ಹೊತ್ತಿಗೆ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡುವುದು ಬೇಡವೆಂದು ಹಿಂದಿನ ಕೋಣೆಯಲ್ಲಿ ಒಬ್ಬನೇ ಎಲೆ ಹಾಕಿಕೊಳ್ಳುತ್ತಿದ್ದೆ. ಈಚೆ ಬಾ ಎಂದು ಯಾರೂ ಕರೆಯಲಿಲ್ಲ. ನನಗೆ ಅದೇ ಸಿಟ್ಟು.

ಅದಕ್ಕೆ ಮುಂಚೆ ನಮ್ಮ ಬಳಗದ ಮದುವೆ, ಮುಂಜಿಗಳಲ್ಲಿ ಬಡಿಸಲು ನಾನು ಬೇಕೇ ಬೇಕಿತ್ತು. ಹೊಗಳಿಕೊಳ್ಳುತ್ತಾನೆ ಎಂದರೂ ಸರಿಯೇ, ನಾನು ಓಡುತ್ತ ಬಡಿಸಿದರೂ ಒಂದು ತೊಟ್ಟು ಸಾರು ಎಲೆಯಿಂದಾಚೆ ಬೀಳುತ್ತಿರಲಿಲ್ಲ. ಎಡಗೈಯಲ್ಲಿ ಬಡಿಸುವುದು ನಮ್ಮಲ್ಲಿ ಉಂಟೇ? ಕೈ ಜೊತೆಗೆ ಆ ಕೆಲಸವೂ ಹೋಯಿತು. ತೀರ್ಥಹಳ್ಳಿಯ ಛತ್ರದಲ್ಲಿ ತಂಗಿಯ ಮದುವೆ ಎಂದು ನಿಶ್ಚಯವಾದಾಗ ನನಗಿದ್ದ ಆಸೆ ಒಂದೇ: ಆ ಪಂಕ್ತಿಗೆ ನಾನು ಬಡಿಸಬೇಕು.

ಪುಣೆಗೆ ಹೋಗಿ ಕೈ ಮಾಡಿಸಿಕೊಂಡು ಬಂದೆ. ಕೈ ಎಂದರೆ ಮೊಂಡು ತೋಳಿಗೆ ಹಾಕುವ ಮರದ ಕೊಳವೆ, ಅದರ ತುದಿಗೆ ಉಕ್ಕಿನ ಜೋಡಿ ಕೊಕ್ಕೆ, ಬೆನ್ನ ಮೇಲೆ ಹಾದು ಇನ್ನೊಂದು ಭುಜಕ್ಕೆ ಸಿಕ್ಕಿಸುವ ಚರ್ಮದ ಪಟ್ಟಿ. ಭುಜ ಮುಂದಕ್ಕೆ ದೂಡಿದರೆ ಪಟ್ಟಿಗೆ ಕಟ್ಟಿದ ತಂತಿ ಎಳೆದು ಕೊಕ್ಕೆ ಬಾಯಿ ಬಿಡುತ್ತಿತ್ತು. ಭುಜ ಸಡಿಲಿಸಿದರೆ ಕಚ್ಚಿಕೊಳ್ಳುತ್ತಿತ್ತು. ಎರಡು ತಿಂಗಳು ಕೊಕ್ಕೆಯಲ್ಲಿ ಸೌಟು ಹಿಡಿದು, ಬಕೆಟ್ಟಿನಿಂದ ಬಾಳೆಲೆಗೆ ಬರೀ ನೀರು ಬಡಿಸಿದೆ. ಹಿಂದಿನ ಕೋಣೆಯಲ್ಲಿ, ಒಬ್ಬನೇ.

ದೊಡ್ಡಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದರು.

"ಚರ್ಮ ಅಲ್ವೇನೋ ಅದು? ಪಂಕ್ತಿ ಒಳಗೆ ತರ್ಬೇಡ."

"ದೇವಸ್ಥಾನದ ಚಂಡೆಗೆ ಎಂತ ಹೊದ್ಸಿದಾರೆ, ದೊಡ್ಡಪ್ಪ?"

"ಚಂಡೆ ಬಂದು ಅನ್ನ ಬಡಿಸ್ತದಾ, ಕತ್ತೆ?"

ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ನಾನೂ ಹಠ ಬಿಡಲಿಲ್ಲ. ಚರ್ಮ ಕಿತ್ತು, ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯನ್ನು ಅಳತೆಗೆ ಹೊಲಿಸಿ ಕಟ್ಟಿಕೊಂಡೆ. ಚೆನ್ನಾಗಿಯೇ ನಿಂತಿತು.

ಮದುವೆಯ ದಿನ ಯಾರೂ ಒಂದು ಮಾತು ಆಡಬಾರದೆಂದು ಪಟ್ಟಿಯನ್ನೂ ಮಡಿ ಮಾಡಿದೆ. ಬಾವಿಯ ಹತ್ತಿರ ಸ್ನಾನ ಮಾಡಿ, ಪಂಚೆಯ ಜೊತೆಗೆ ಅದನ್ನೂ ನೆನೆಸಿ ಹಿಂಡಿ, ಒದ್ದೆಯಲ್ಲೇ ಬಿಗಿದುಕೊಂಡೆ. ಬಡಿಸುವವರು ಅಂಗಿ ಹಾಕುವಂತಿಲ್ಲ. ಬರಿಮೈ ಮೇಲೆ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ಕಾಣಲಿ ಎಂದುಕೊಂಡೆ. ಒಂದು ಸಾಲು ಸಾರು ಬಡಿಸಿ ಮುಗಿಸಿದೆ. ಜನ ನನ್ನ ಮುಖ ಬಿಟ್ಟು ಸೌಟು ನೋಡುತ್ತ "ಸಾಕು, ಸಾಕು" ಎನ್ನುತ್ತಿದ್ದರು. ಎಷ್ಟು ಸುಖವಾಯಿತೆಂದರೆ, ಒದ್ದೆ ಪಟ್ಟಿಯ ಗಂಟು ಜಾರುತ್ತಿರುವುದು ಗೊತ್ತೇ ಆಗಲಿಲ್ಲ.

ಎರಡನೆಯ ಸಾಲಿನಲ್ಲಿ ಗಂಡಿನ ತಂದೆಯ ಮುಂದೆ ಬಗ್ಗಿದೆ. ತೋಳು ಹಗುರವಾಯಿತು. ಕೊಳವೆ, ಕೊಕ್ಕೆ, ಸೌಟು ಎಲ್ಲ ಒಟ್ಟಿಗೆ ಅವರ ಎಲೆಯ ಮೇಲೆ ಬಿತ್ತು.

ಅವರು ಎದ್ದರೆ ಪಂಕ್ತಿಯೇ ಏಳುತ್ತದೆ, ತಂಗಿಯ ಮದುವೆಯೂಟ ಅಲ್ಲಿಗೆ ಕೆಟ್ಟ ಹಾಗೆ. ಅವರು ಏಳಲಿಲ್ಲ. ಎಡಗೈಯಿಂದ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟು, "ಬೇರೆ ಎಲೆ ಹಾಕಿ" ಎಂದಷ್ಟೇ ಹೇಳಿದರು. ನನ್ನ ಕಡೆ ನೋಡಲಿಲ್ಲ. ದೊಡ್ಡ ಮನುಷ್ಯ. ಆದರೂ ಅವರು ನೋಡಿದ್ದರೆ ಚೆನ್ನಾಗಿತ್ತು.

ಮುಂದಿನ ಪಂಕ್ತಿಗೆ ದೊಡ್ಡಪ್ಪ ನನ್ನನ್ನು ಕರೆದು ತುದಿಯ ಎಲೆಗೆ ಕೂರಿಸಿದರು. ಈಗ ಬೈಯುತ್ತಾರೆ ಎಂದು ಕಾದೆ. ಹುಟ್ಟಿದಾಗಿನಿಂದ ನನ್ನನ್ನು ಬೈಯದೆ ಮಾತಾಡಿಸಿದವರಲ್ಲ ಅವರು. ತಾವೇ ಅನ್ನದ ಪಾತ್ರೆ ತಂದು ಬಡಿಸಿ, ಮತ್ತೆ ಬಗ್ಗಿ, ನೆಂಟರನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು:

"ಇನ್ನೂ ಸ್ವಲ್ಪ ಬಡಿಸ್ಲಾ?"