ಅಣ್ಣ ಆರಿಸುವ ಕಪ್

ಅಣ್ಣ ನಾರಾಯಣಖೇಡದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ. ಸುಟ್ಟುಹೋದ ಬೋರ್ ಮೋಟರ್ ತಂದುಕೊಟ್ಟರೆ ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡುತ್ತಿದ್ದ. ತಲೆಯೊಳಗೆ ಯಾರೋ ಮಾತಾಡಿದ ಹಾಗೆ ಕೇಳಿಸಲು ಶುರುವಾದ ಮೇಲೆ ಅಂಗಡಿ ಮುಚ್ಚಿತು. ತವರಿಗೆ ಹೋದ ಅವನ ಹೆಂಡತಿ ತಿರುಗಿ ಬರಲಿಲ್ಲ. ನಾನು ಅವಳನ್ನು ಬಯ್ಯುವುದಿಲ್ಲ, ಬಯ್ಯುವವರು ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಮನೆಯಲ್ಲಿ ಉಳಿದದ್ದು ಅವನು ಮತ್ತು ಅವ್ವ. ನನ್ನನ್ನು ತಾಂಡೂರಿಗೆ ಕೊಟ್ಟಿದ್ದರು.

ಮೊದಲು ಅವನಿಗೆ ಗುಳಿಗೆ ಕೊಡುತ್ತಿದ್ದೆವು. ನಾಲಿಗೆ ಕೆಳಗಿಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದ. ಒಂದು ಸಲ ಎದುರು ಕೂರಿಸಿಕೊಂಡು, ಇದು ನಿನ್ನ ತಲೆಯ ಔಷಧಿ, ನುಂಗಲೇಬೇಕು ಎಂದು ಗಟ್ಟಿಸಿ ಹೇಳಿದೆವು. ಅವತ್ತೇ ಮನೆ ಬಿಟ್ಟ. ಹುಡುಕಾಡಿ ಸುಸ್ತಾದ ಮೇಲೆ ಸಿಕ್ಕಿದ್ದು ನನ್ನೂರಲ್ಲೇ, ತಾಂಡೂರು ಸ್ಟೇಷನ್ನಿನ ಕಟ್ಟೆ ಮೇಲೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಹೋಗಿ ಎದುರಿಗೆ ನಿಂತೆ. ಸ್ವಲ್ಪ ಹೊತ್ತು ನೋಡಿ, "ನೀವು ನಮ್ಮ ತಂಗಿ ಇದ್ದಂಗೇ ಅದೀರಿ" ಅಂದ.

ಆಮೇಲೆ ಅಣ್ಣನ ಡಾಕ್ಟರು ಹನಿ ಔಷಧಿ ಬರೆದುಕೊಟ್ಟರು. ಬಣ್ಣವಿಲ್ಲ, ವಾಸನೆಯಿಲ್ಲ, ಚಹಾದಲ್ಲಿ ಹಾಕಿದರೆ ಗೊತ್ತಾಗುವುದಿಲ್ಲ. ಸದ್ಯಕ್ಕೆ ಹೀಗೆ ಕೊಡಿ, ಸುಧಾರಿಸಿದ ಮೇಲೆ ಅವನಿಗೆ ತಿಳಿಸಿಯೇ ಕೊಡಬೇಕು ಎಂದರು. ಅಣ್ಣ ಸುಧಾರಿಸಿದ. ಸ್ನಾನ ಮಾಡತೊಡಗಿದ, ಪಕ್ಕದ ಮನೆಯ ಫ್ಯಾನು ಬಿಚ್ಚಿ ಸರಿ ಮಾಡಿಕೊಟ್ಟ. ಅವನಿಗೆ ತಿಳಿಸುವ ಧೈರ್ಯ ಮಾತ್ರ ನಮಗೆ ಯಾರಿಗೂ ಬರಲಿಲ್ಲ. ಅವ್ವ ದಿನಾ ಮುಂಜಾನೆ ಚಹಾ ಮಾಡಿ ಎರಡು ಕಪ್ ತಂದು ನೆಲದ ಮೇಲೆ ಇಡುತ್ತಿದ್ದಳು. ಅಣ್ಣ ಎರಡನ್ನೂ ನೋಡಿ ತನಗೆ ಬೇಕಾದದ್ದನ್ನು ಎತ್ತಿಕೊಳ್ಳುತ್ತಿದ್ದ, ಹೆಚ್ಚಾಗಿ ಅವ್ವ ತನ್ನ ಮುಂದೆ ಇಟ್ಟುಕೊಂಡದ್ದನ್ನೇ. ಉಳಿದದ್ದನ್ನು ಅವ್ವ ಕುಡಿಯುತ್ತಿದ್ದಳು. ಸಂಶಯದ ಮನುಷ್ಯ, ಇರಲಿ ಬಿಡು ಎಂದುಕೊಂಡಿದ್ದೆ.

ಅವ್ವನಿಗೆ ಬಿಪಿ ಮೊದಲಿನಿಂದಲೂ ಇತ್ತು. ಚಹಾ ಕುಡಿದ ಮೇಲೆ ಅದರ ಗುಳಿಗೆ ತಪ್ಪದೆ ನುಂಗುತ್ತಿದ್ದಳು. ಮಾತಿನ ಮಲ್ಲಿ ಅವಳು, ಸಂತೆಯಲ್ಲಿ ಬದನೆಕಾಯಿಗೂ ಜಗಳ ತೆಗೆಯುವವಳು. ಅಣ್ಣ ಸುಧಾರಿಸಿದ ವರ್ಷ ಅವಳ ಮಾತು ಕಡಿಮೆಯಾಯಿತು. ಕೂತಲ್ಲೇ ತೂಕಡಿಸುತ್ತಿದ್ದಳು, ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಕೊಹೀರದಲ್ಲಿ ಅವಳ ಒಡಹುಟ್ಟಿದ ಅಕ್ಕ ತೀರಿಕೊಂಡಾಗ ಮಣ್ಣಿಗೆ ಕರೆದುಕೊಂಡು ಹೋದೆ. ಹೆಣದ ಕಾಲ ಹತ್ತಿರ ಕೂತಳು. ಕಣ್ಣಲ್ಲಿ ಹನಿ ನೀರಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಬಸ್ ಎಷ್ಟು ಗಂಟಿಗೆ ಅದ?" ಎಂದು ನನ್ನನ್ನು ಕೇಳಿದಳು. ಹಿಂದೆ ಕೂತ ಹೆಂಗಸೊಬ್ಬಳು ಎಂಥಾ ಕಲ್ಲೆದೆ ಎಂದಳು. ನಾನು ತಿರುಗಿ, "ನೀವು ಅಳ್ರಿ, ಆಕಿ ಪಾಲಿಂದೂ ಅಳ್ರಿ" ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ.

ಅದೇ ಸುಮಾರಿಗೆ ಅಣ್ಣ ಫೋನ್ ಮಾಡಿದ.

"ತಂಗಿ, ಅವ್ವಗ ಯಾರೋ ಏನೋ ಹಾಕಾಕತ್ಯಾರ. ಚಹಾದಾಗ. ನಿಂತಲ್ಲೇ ತೂಗಾಡ್ತಾಳ."

"ಯಾರು ಹಾಕ್ತಾರಣ್ಣ? ನೀ ಸುಮ್ಮ ಮಲಕೊ" ಎಂದೆ. ಫೋನ್ ಇಟ್ಟ ಮೇಲೆ ಗಂಡನಿಗೆ ಹೇಳಿದೆ, ಕಾಯಿಲೆ ಮತ್ತೆ ತಲೆ ಎತ್ತುತ್ತಿದೆ ಅಂತ. ಅವರೂ ಹೌದು ಎಂದರು.

ಅವ್ವ ಬಚ್ಚಲಿನಲ್ಲಿ ಬಿದ್ದಳು. ಹುಬ್ಬಿನ ಮೇಲೆ ಒಡೆದು ಹೊಲಿಗೆ ಬಿತ್ತು. ಜಹೀರಾಬಾದಿಗೆ ಕರೆದುಕೊಂಡು ಹೋಗಿ ಬಿಪಿ ಡಾಕ್ಟರಿಗೆ ತೋರಿಸಿದೆ. ಅವರು ಮಲಗಿಸಿ ಒಮ್ಮೆ ನೋಡಿದರು, ನಿಲ್ಲಿಸಿ ಒಮ್ಮೆ ನೋಡಿದರು, ಮತ್ತೆ ಮಲಗಿಸಿದರು.

"ಎದ್ದು ನಿಂತ ಕೂಡಲೇ ಬಿಪಿ ಬಿದ್ದುಹೋಗ್ತದ. ನಾ ಕೊಟ್ಟ ಗುಳಿಗಿಗೆ ಇಷ್ಟು ಬೀಳಬಾರದು. ಬ್ಯಾರೆ ಏನು ತಗೋತೀರಿ, ಅಮ್ಮ?"

"ಏನಿಲ್ರಿ" ಎಂದಳು ಅವ್ವ.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಾಗ ಅವಳೇ ಬಾಯಿ ಬಿಟ್ಟಳು. ಅಣ್ಣ ಯಾವ ಕಪ್ ಎತ್ತಿಕೊಳ್ಳುತ್ತಾನೆ ಎಂದು ಅವಳಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಹನಿಯನ್ನು ಎರಡೂ ಕಪ್ಪಿಗೆ ಹಾಕುತ್ತಿದ್ದಳಂತೆ. ಯಾವುದು ಕುಡಿದರೂ ಅವನಿಗೆ ಔಷಧಿ ಹೋಗುತ್ತದಲ್ಲ.

"ನಿನಗೇನು ತಲಿ ಕೆಟ್ಟದ?" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ಯಾರೂ ಆಡದ ಮಾತು ಅದು. ಎದುರಿಗೆ ಬೀದರಿನ ಬಸ್ಸು ತುಂಬಿ ಹೊರಟಿತು.

ಕೈ ಹಿಡಿದು ಮತ್ತೆ ಡಾಕ್ಟರ ಹತ್ತಿರ ಒಯ್ದೆ. ಅವರು ಬಯ್ಯಲಿಲ್ಲ, ನಿಧಾನವಾಗಿ ಹೇಳಿದರು. ಬಿಪಿ ಗುಳಿಗೆ ರಕ್ತದ ಒತ್ತಡ ಇಳಿಸುತ್ತದೆ. ತಲೆಯ ಆ ಔಷಧಿಯೂ ಇಳಿಸುತ್ತದೆ, ಮೇಲಿಂದ ಮಂಪರು ತರುತ್ತದೆ. ವಯಸ್ಸಾದ ಮೈಯಲ್ಲಿ ಎರಡೂ ಕೂಡಿದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಹನಿ ನಿಮಗಾಗಿ ಕೊಟ್ಟದ್ದಲ್ಲ, ಮುಟ್ಟಬೇಡಿ. ಮಗನಿಗೆ ನಿಜ ಹೇಳಿ ಅವನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ತಿಂಗಳಿಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ದಾರಿಯೂ ಇದೆ. ಅವ್ವ ಎಲ್ಲದಕ್ಕೂ ಹೂಂ ಎಂದಳು. ಬಸ್ಸಿನಲ್ಲಿ ಮಾತ್ರ, "ಹೇಳಿದ್ರ ಮತ್ತ ಸ್ಟೇಷನ್‌ನಾಗ ಹೋಗಿ ಕೂಡ್ತಾನ. ಈ ಸಲ ಸಿಗಂಗಿಲ್ಲ" ಎಂದಳು.

ಅಲ್ಲಿಂದಾಚೆ ಅವಳ ಬಿಪಿ ಗುಳಿಗೆ ನಾನೇ ತಾಂಡೂರಿನಲ್ಲಿ ಕೊಂಡು ಕಳಿಸತೊಡಗಿದೆ. ಫೋನಿನಲ್ಲಿ ಕೇಳಿದರೆ "ಈಗ ತಲಿ ತಿರುಗಂಗಿಲ್ಲವ್ವ" ಎನ್ನುತ್ತಿದ್ದಳು. ದನಿ ಅದೇ ಮಂಕು ದನಿ. ಆದರೆ ಬೀಳುವುದು ನಿಂತಿತ್ತು, ನನಗೆ ಅಷ್ಟು ಸಾಕಾಯಿತು.

ತೊಗರಿ ರಾಶಿಯ ಹೊತ್ತಿಗೆ ಅವಳಿಗೆ ಲಕ್ವಾ ಹೊಡೆಯಿತು. ಬಾಯಿ ಒಂದು ಕಡೆ ಎಳೆದಿತ್ತು, ಬಿಪಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಗುಳಿಗೆ ನುಂಗುತ್ತಿದ್ದರಾ ಎಂದು ನರ್ಸ್ ಕೇಳಿದಳು. ದಿನಾ ತಪ್ಪದೆ ಎಂದೆ. ಅವ್ವ ಇನ್ನೂ ಆಡುತ್ತಿದ್ದ ಕೈಯಿಂದ ನನ್ನ ಸೆರಗು ಎಳೆದಳು. ಮಾತು ತೊದಲುತ್ತಿತ್ತು, ಬಗ್ಗಿ ಕೇಳಿದೆ.

"ಎರಡೂ ಕೂಡಬಾರದು ಅಂದಿದ್ರಲ್ಲ. ಬಿಪಿದು ಬಿಟ್ಟೆ."

ಸೆರಗಿನಿಂದ ಅವಳ ಬಾಯಿ ಒರೆಸಿದೆ. ಮರುದಿನ ಹೋದಳು. ಮಣ್ಣು ಮುಗಿಸಿ ಬಂದು ಅಡುಗೆಮನೆಯಲ್ಲಿ ಬೇಳೆ ಡಬ್ಬಿ ತೆಗೆದರೆ ನಾನು ಕಳಿಸಿದ ಗುಳಿಗೆಗಳೆಲ್ಲ ಬಿಚ್ಚದೆ ಹಾಗೇ ಇದ್ದವು. ಡಬ್ಬಿ ಮುಚ್ಚಿ ಅನ್ನಕ್ಕೆ ಇಟ್ಟೆ. ಅಳು ಬರಲಿಲ್ಲ. ಆಗ ನಾನಿನ್ನೂ ಆ ಚಹಾ ಕುಡಿದಿರಲಿಲ್ಲ, ಅದನ್ನು ಔಷಧಿಯ ಮೇಲೆ ಹೊರಿಸುವಂತಿಲ್ಲ.

ಗಂಡನನ್ನೂ ಮಗಳನ್ನೂ ತಾಂಡೂರಿನಲ್ಲಿ ಬಿಟ್ಟು ನಾನು ಇಲ್ಲೇ ಉಳಿದೆ. ಅಣ್ಣನ ಡಾಕ್ಟರನ್ನು ಕಂಡೆ. ಕರೆದುಕೊಂಡು ಬನ್ನಿ, ಸೂಜಿ ಶುರು ಮಾಡೋಣ ಎಂದರು. ಅವ್ವ ಹೋದ ಮೇಲೆ ಅಣ್ಣ ಹೊಸ್ತಿಲು ದಾಟುವುದಿಲ್ಲ. ಅಲ್ಲಿಯವರೆಗೆ ಎಂದು ಚಹಾ ಮಾಡಿ ಎರಡು ಕಪ್ ಇಡತೊಡಗಿದೆ. ಅವನು ನನ್ನ ಮುಂದಿನದನ್ನು ಎತ್ತಿಕೊಂಡ. ನಾಳೆಯೂ ಅದನ್ನೇ ಎತ್ತಿಕೊಳ್ಳುತ್ತಾನೆ ಎಂದು ಯಾರು ಹೇಳಬೇಕು? ಮರುದಿನದಿಂದ ನಾನೂ ಎರಡಕ್ಕೂ ಹಾಕಿದೆ. ನನಗೆ ಬಿಪಿ ಇಲ್ಲ, ನೋಡಿಸಿಕೊಂಡೇ ಶುರು ಮಾಡಿದ್ದು. ಈಗ ಮಗಳು ಫೋನಿನಲ್ಲಿ ಅತ್ತರೆ ಬೇರೆ ಯಾರದೋ ಮನೆಯ ಸುದ್ದಿ ಕೇಳಿದ ಹಾಗೆ ಕೇಳುತ್ತೇನೆ. ಸಿಟ್ಟೂ ಬರುವುದಿಲ್ಲ, ಅದೊಂದು ಆರಾಮ.

ಮೊನ್ನೆ ಮುಂಜಾನೆ ಅಣ್ಣ ಕಪ್ ಎತ್ತದೆ ನನ್ನ ಮುಖವನ್ನೇ ನೋಡುತ್ತ ಕೂತ.

"ತಂಗಿ, ನೀನೂ ಅವ್ವನಂಗ ಆಗಾಕತ್ತಿ."

"ಹಂಗೇನಿಲ್ಲಣ್ಣ."

"ಅವ್ವಗ ಹಾಕಿದವರೇ ನಿನಗೂ ಹಾಕಾಕತ್ಯಾರ. ಮೊದ್ಲು ನನ್ನ ಕಪ್ಪಿಗಿ ಹಾಕ್ತಾರ ಅಂತ ತಿಳಕೊಂಡಿದ್ದೆ. ಅವ್ವ ತೂಗಾಡಾಕ ಹತ್ತಿದ ಮ್ಯಾಲ ಗೊತ್ತಾತು, ಆಕಿ ಕಪ್ಪಿಗೇ ಹಾಕೋದು ಅಂತ. ನಿನಗ ಹೇಳ್ದೆ, ನೀ ಕೇಳಲಿಲ್ಲ. ಆವಾಗಿಂದ ದಿನಾ ಆಕಿ ಕಪ್ ನಾನೇ ಕುಡ್ದೆ. ಅಂದ್ರೂ ಹೋದಳು."

ನನ್ನ ಮುಂದಿದ್ದ ಕಪ್ ಎತ್ತಿಕೊಂಡ. ತನ್ನದನ್ನು ನನ್ನ ಕಡೆಗೆ ಸರಿಸಿದ.

"ಇದರಾಗ ಏನೂ ಇಲ್ಲ. ಕುಡಿ" ಎಂದ.

ನಾನು ಕುಡಿದೆ.