ಕಲ್ಲು ಓದಿದ ಮಾಸ್ತರರು

ಇತಿಹಾಸದ ಮಾಸ್ತರರ ಬಲಗೈ ಉಗುರುಗಳು ಸದಾ ಕಪ್ಪಗೆ. ದೀಪದ ಕಾಡಿಗೆ ಉಗುರಿನ ಸಂದಿಯಲ್ಲಿ ಕೂತರೆ ಯಾವ ಸೀಗೆಪುಡಿಗೂ ಬಗ್ಗುವುದಿಲ್ಲ. ರಾಯಚೂರಿನ ನಮ್ಮ ಶಾಲೆಯಲ್ಲಿ ಅವರು ಇತಿಹಾಸಕ್ಕೆ, ನಾನು ಗಣಿತಕ್ಕೆ. ಆಗಿನ್ನೂ ನಿಜಾಮರ ಕಾಲ. ಯಾವ ದೊರೆ ಯಾವ ದೊರೆಯ ಮಗ ಎಂಬ ಪರಮೋಪಯೋಗಿ ವಿದ್ಯೆಯನ್ನು ಅವರು ವಾರವಿಡೀ ಉರ್ದುವಿನಲ್ಲಿ ಬೋಧಿಸಿ, ಶುಕ್ರವಾರ ರಜೆ ಬಂದೊಡನೆ ಸಿಕ್ಕ ಬಂಡಿ ಹತ್ತಿ ಕುರ್ಡಿಗೋ ಗೂಗಲ್ಲಿಗೋ ಸುತ್ತಲಿನ ಇನ್ನಾವುದೋ ಹಳ್ಳಿಗೋ ಹೊರಟುಬಿಡುತ್ತಿದ್ದರು. ಹಳ್ಳಿಯ ಹಳೆಯ ಶಾಸನದ ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಕಾಡಿಗೆ ಅದ್ದಿದ ಬಟ್ಟೆಯುಂಡೆ ಒತ್ತಿದರೆ ಕಪ್ಪಿನ ಮೇಲೆ ಬಿಳಿ ಅಕ್ಷರ ಏಳುತ್ತಿದ್ದವು. ಅದನ್ನು ಊರ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳುವರು.

“ಮಂದೀ ಚರಿತ್ರಿ ಮಂದಿಗೇ ಗೊತ್ತಿಲ್ಲಂದ್ರ, ನಾವು ಯಾರಿಗೆ ಏನು ಕಲಿಸಾಕತ್ತೀವ್ರೀ?” ಎನ್ನುವರು. ಜೊತೆಗೆ ಹೋಗುತ್ತಿದ್ದ ನಾನು ಕಾಗದದ ಇನ್ನೊಂದು ತುದಿ ಹಿಡಿಯುವವನು.

ದೇವದುರ್ಗದ ಕಡೆಯ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯ ಮರ್ಯಾದಸ್ಥರಿಗೆ ನೋವಾದೀತು. ಅಲ್ಲಿಯ ಗುಡಿಯ ಅಂಗಳದಲ್ಲಿ ಆಳೆತ್ತರದ ಶಾಸನ. ಯಾರಿಗೂ ಓದಲು ಬಾರದ್ದರಿಂದ ಅದು ದೇವರಾಗಿತ್ತು. ದಿನವೂ ಎಣ್ಣೆ, ಅರಿಶಿನ, ಹರಕೆ. ಕಲ್ಲಿನಲ್ಲಿ ತಮ್ಮ ಮನೆತನದ ದಾನಧರ್ಮ ಬರೆದಿದೆಯೆಂದು ನಂಬಿದ್ದ ಊರಗೌಡರು ತಾವೇ ಮಾಸ್ತರರನ್ನು ಕರೆಸಿದರು. ಊರೆಲ್ಲ ಅಂಗಳದಲ್ಲಿ ಕೂತಿತು. ಕೂಲಿ ಮಾಡುವ ಕೇರಿಯವರಿಗೆ ಒಳಗೆ ಪ್ರವೇಶವಿರಲಿಲ್ಲವಾಗಿ ಅವರು ಗೋಡೆಯಾಚೆ ನಿಂತರು. ಮಾಸ್ತರರು ಕಾಗದ ಹಿಡಿದು ಆ ಗೋಡೆಯನ್ನೇ ಹತ್ತಿ ನಿಂತು ಓದಿದರು.

ಗೌಡರ ಮನೆತನದ ಸುದ್ದಿಯೇ ಇರಲಿಲ್ಲ. ಯಾರೋ ಒಬ್ಬ ಹಳೆಯ ಪುಣ್ಯಾತ್ಮ ಊರ ಬಾವಿ ತೋಡಿಸಿ, ಇದರ ನೀರು ಈ ಊರಲ್ಲಿ ಬಾಳುವ ಎಲ್ಲರದು, ಅಡ್ಡ ಬಂದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳ ಕೊಂದ ಪಾಪ ಎಂದು ಕೆತ್ತಿಸಿದ್ದ.

“ಹಳೇ ಅಕ್ಷರ ಅವ. ತಪ್ಪಿರಬೇಕು, ಇನ್ನೊಮ್ಮೆ ನೋಡ್ರಿ,” ಎಂದರು ಗೌಡರು.

ಮಾಸ್ತರರು ಇನ್ನೊಮ್ಮೆ ಓದಿದರು. ಈ ಸಲ ಜೋರಾಗಿ.

ಗೋಡೆಯಾಚೆಯಿಂದ ಒಬ್ಬ ಮುದುಕಿ ಕೇಳಿದಳು: “ಯಪ್ಪಾ, ಎಲ್ಲಾರು ಅಂದ್ರ ಅದರಾಗ ನಾವೂ ಬಂದ್ವೇನು?”

“ನೀ ಇರೂದು ಈ ಊರಾಗೇ ಅಲ್ಲೇನು ಯವ್ವಾ?”

“ಹುಟ್ಟಿದ್ದೇ ಇಲ್ಲಿ. ನೀರು ಮಾತ್ರ ಹಳ್ಳದ್ದು.”

“ಹಂಗಾರ ನೀನೂ ಬಂದಿ.”

ಮರುದಿನದಿಂದ ಕಲ್ಲಿಗೆ ಎಣ್ಣೆ ನಿಂತಿತು. ಅದರಲ್ಲಿ ದೇವರಿಲ್ಲವೆಂದು ಪೂಜಾರಿಗೆ ತಟ್ಟನೆ ಜ್ಞಾನೋದಯವಾಯಿತು. ತಲೆತಲಾಂತರದಿಂದ ಅಡ್ಡಬಿದ್ದವರೇ ಉಳಿಗಾರನನ್ನು ಕರೆಸಿ ಆ ಸಾಲುಗಳನ್ನು ಕಡಿದು ಹಾಕಿಸಿದರು. ಓದುವ ತನಕ ದೇವರು, ಓದಿದ ಮೇಲೆ ಕಲ್ಲು! ಇಂಥ ಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಸರಕಾರದ ಇಜಾಜತ್, ಅಂದರೆ ಅಪ್ಪಣೆ, ಇಲ್ಲದೆ ಸಭೆ ಮಾಡಿದರೆಂದು ಮೇಲಕ್ಕೆ ದೂರು ಹೋಯಿತು. ಪೊಲೀಸ್ ಅಮೀನರು ಕರೆಸಿ, “ಭಾಷಣ ಮಾಡಿದಿರಂತಲ್ಲ?” ಎಂದರೆ ಮಾಸ್ತರರು, “ಭಾಷಣ ಕಲ್ಲಿಂದು ಸಾಹೇಬ್ರ. ಅದನ್ನ ಆಗಲೇ ಕಡಿದು ಹಾಕ್ಯಾರ, ಇನ್ನ ನನ್ನನ್ನ ಏನು ಕೇಳ್ತೀರಿ?” ಎಂದರು. ಅವರನ್ನು ಮಾನ್ವಿಗೆ ಎತ್ತಿಹಾಕಿ, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಕೂರಿಸಿದರು. ಶುಕ್ರವಾರಗಳನ್ನು ಕಿತ್ತುಕೊಳ್ಳುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವರು ಅದೇ ಕೇರಿಗೆ ಹೋಗಿ ಆ ಸಾಲುಗಳನ್ನು ಅಲ್ಲಿಯವರಿಗೆಲ್ಲ ಬಾಯಿಪಾಠ ಮಾಡಿಸಿದರು.

ನಿಜಾಮರ ಆಳ್ವಿಕೆ ಹೋಯಿತು. ಗೌಡರು ಖಾದಿ ಟೋಪಿ ಹಾಕಿದರು. “ಈಗರ ಬಾವಿ ಬಿಡ್ರಿ,” ಎಂದು ಮಾಸ್ತರರು ಕೇಳಿದ್ದಕ್ಕೆ, “ಕಲ್ಲಿನ್ಯಾಗ ಏನೂ ಇಲ್ಲಲ್ರೀ? ನಿಮ್ಮ ಕಾಗದ ನೀವೇ ಬರಕೊಂಡಿರಬೇಕು,” ಎಂದು ನಕ್ಕರು. ಮುಂದಿನ ಬೇಸಿಗೆಯಲ್ಲಿ ಜ್ವರ ಹತ್ತಿ ಮಾಸ್ತರರು ಮಾನ್ವಿಯಲ್ಲೇ ತೀರಿಕೊಂಡರು.

ಶಾಸನದ ಕಲ್ಲಿದ್ದ ಅದೇ ಊರಿನ ಚಾವಡಿಯ ಮುಂದೆ ಶ್ರದ್ಧಾಂಜಲಿ ಸಭೆ ಏರ್ಪಟ್ಟಿತು, ಗೌಡರದೇ ಅಧ್ಯಕ್ಷತೆ. ನಾಡಿನ ಚರಿತ್ರೆಗೆ ಬೆಳಕು ಹಿಡಿದವರು, ನಮ್ಮೂರಿನ ಭಾಗ್ಯ ಎಂದು ಅವರು ಕಣ್ಣೊರೆಸಿಕೊಂಡರು. ನಾನು ಹಲ್ಲು ಕಚ್ಚಿ ಕೂತಿದ್ದೆ. ಅಷ್ಟರಲ್ಲಿ ಮಂದಿಯ ಅಂಚಿನಲ್ಲಿ ಆ ಮುದುಕಿ ಎದ್ದು ನಿಂತು, ಕಡಿದು ಹಾಕಿದ್ದ ಸಾಲುಗಳನ್ನು ಒಂದಕ್ಷರ ಬಿಡದೆ ಹೇಳಿದಳು, ವಾರಣಾಸಿಯ ಕವಿಲೆಯ ತನಕ. ಆಮೇಲೆ ಕೇಳಿದಳು:

“ಬಾವಿ ಯಾವಾಗ ಬಿಡ್ತೀರಿ ಗೌಡ್ರ?”

“ಏ ಮುದುಕಿ, ಇದು ದುಃಖದ ಸಭಿ. ಕೂಡು.”

“ನಮಗೂ ದುಃಖ ಆಗ್ಯಾದ. ಅದಕ್ಕ ಬಂದೀನಿ.”

ಗೌಡರು ಸುತ್ತ ನೋಡಿದರು. “ಈಗ ಅಗಲಿದ ಆತ್ಮಕ್ಕಾಗಿ ಎದ್ದು ನಿಂತು ಮೌನ ಆಚರಿಸೋಣ,” ಎಂದರು. ಎಲ್ಲರೂ ಎದ್ದು ತಲೆ ತಗ್ಗಿಸಿದರು.

ಮೌನ ಮುಗಿಯಿತು. ಎಲ್ಲರೂ ಕೂತರು. ಅವಳು ಕೂಡಲಿಲ್ಲ. ಮತ್ತೆ ಅದನ್ನೇ ಕೇಳಿದಳು.